ಬಾಲ್ ಬರದಿರಲಿ ಅಂತ ಬೇಡಿಕೊಂಡ ಪುಟ್ಟುವಿಗೆ

ಶಾಂತಿನಗರ, ಬೆಂಗಳೂರು
29 ಜೂನ್ 2025

ಚಿ. ಪುಟ್ಟುವಿಗೆ ಮಾವನ ಆಶೀರ್ವಾದಗಳು.

ನಿನ್ನ ಕಾಗದ ಗುರುವಾರ ಬಂತು. ಹಾಸ್ಟೆಲ್ ಊಟ, ಮೊಣಕಾಲಿನ ಗಾಯ, ಇದನ್ನೆಲ್ಲ ನಿಮ್ಮಮ್ಮ ಆಗಲೇ ಫೋನಿನಲ್ಲಿ ಹೇಳಿದ್ದಳು. ಆದರೆ ಕೊನೆಯಲ್ಲಿ, ಸಹಿಯ ಕೆಳಗೆ, ಬೇರೆ ಪೆನ್ನಿನಲ್ಲಿ ಬರೆದ ಎರಡು ಸಾಲು ನನಗೆ ನಿದ್ದೆ ಕೊಡಲಿಲ್ಲ. "ಮ್ಯಾಚ್ ಮುಗಿಯೋಕೆ ಐದು ನಿಮಿಷ ಇದೆ ಅಂದ್ರೆ ಬಾಲ್ ನನ್ನ ಕಡೆ ಬರದೇ ಇರಲಿ ಅಂತ ಬೇಡ್ಕೋತೀನಿ ಮಾವ. ಅಮ್ಮಂಗೆ ಹೇಳ್ಬೇಡಿ."

ಹೇಳಿಲ್ಲ. ಹೇಳುವುದೂ ಇಲ್ಲ.

ಹಾಕಿ ಪ್ರೊ ಲೀಗ್, ಅದೇ ದೇಶ ದೇಶಗಳ ತಂಡಗಳು ಆಡುವ ಲೀಗ್, ನೋಡಿದ ಮೇಲೆ ಹೀಗಾಯಿತು ಅಂತ ಬರೆದಿದ್ದೀಯ. ನಾನೂ ಒಂದು ಪಂದ್ಯ ಬಿಡದೆ ನೋಡಿದೆ. ಫೆಬ್ರವರಿಯಲ್ಲಿ ಭುವನೇಶ್ವರದಲ್ಲಿ ನಮ್ಮವರು ಎಂಟರಲ್ಲಿ ಐದು ಗೆದ್ದು 15 ಅಂಕ ತಗೊಂಡಿದ್ದರು. ಜೂನ್‌ನಲ್ಲಿ ಯುರೋಪಿಗೆ ಹೋದರು. ನೆದರ್ಲೆಂಡ್ಸ್ ಎದುರು 1-2, 2-3. ಅರ್ಜೆಂಟೀನಾ ಎದುರು 3-4, 1-2. ಆಸ್ಟ್ರೇಲಿಯಾ ಎದುರು 2-3, ಮಾರನೇ ದಿನ ಮತ್ತೆ 2-3. ಬೆಲ್ಜಿಯಂ ಎದುರು 3-6. ಸಾಲಾಗಿ ಏಳು ಸೋಲು. ಅದರಲ್ಲಿ ಆರು ಒಂದೇ ಗೋಲಿನಿಂದ. ನಿಮ್ಮತ್ತೆ ಮೂರನೇ ಸೋಲಿಗೇ ಟಿವಿ ಆರಿಸಿ ಅಂದಳು.

ಒಂದೇ ಗೋಲಿನಿಂದ ಸೋತರೆ ಯಾರೋ ಒಬ್ಬನದು ತಪ್ಪು ಇರಲೇಬೇಕು, ಆ ಒಬ್ಬ ನಾನಾಗಬಾರದು. ನಿನ್ನ ತಲೆಯಲ್ಲಿ ಓಡುತ್ತಿರುವುದು ಇದೇ ತಾನೇ? ನನಗೆ ಗೊತ್ತು. ಹೇಗೆ ಗೊತ್ತು ಅಂತ ಯಾರಿಗೂ ಹೇಳಿಲ್ಲ, ನಿಮ್ಮತ್ತೆಗೂ ಹೇಳಿಲ್ಲ.

ಮನೆಯಲ್ಲಿ ಎಲ್ಲರೂ ನಾನು ಬ್ಯಾಂಕ್ ಕೆಲಸ ಸಿಕ್ಕಿದ್ದಕ್ಕೆ ಹಾಕಿ ಬಿಟ್ಟೆ ಅಂದುಕೊಂಡಿದ್ದಾರೆ. ಅದು ನಿಜ ಅಲ್ಲ. 1986ರ ಮಳೆಗಾಲ. ನನಗೆ 21. ಇಲ್ಲೇ ಬೆಂಗಳೂರಿನಲ್ಲಿ ಒಂದು ಲೀಗ್ ಪಂದ್ಯ. ಆಗ ನಮಗೆ ಟರ್ಫ್ ಎಲ್ಲಿ? ಕೆಂಪು ಮಣ್ಣು. ಅಲ್ಲಲ್ಲಿ ನೀರು ನಿಂತಿತ್ತು. ಈಗಿನ ಹಾಗೆ 15 ನಿಮಿಷದ ನಾಲ್ಕು ಕ್ವಾರ್ಟರ್ ಅಲ್ಲ, 35 ನಿಮಿಷದ ಎರಡು ಹಾಫ್. 1-1 ಆಗಿತ್ತು. ನಾನು ಲೆಫ್ಟ್ ಇನ್, ಅಂದರೆ ಎಡಗಡೆ ಮುಂದೆ ಆಡುವವನು. ನಡುವೆ ಆಡುತ್ತಿದ್ದ ನಮ್ಮ ಸೆಂಟರ್ ಹಾಫ್ ಬಾಲ್ ಹಿಡಿದು ತಲೆ ಎತ್ತಿ ನನ್ನನ್ನೇ ನೋಡಿದ. ನಾನು ಬಗ್ಗಿ ಶೂ ಲೇಸ್ ಕಟ್ಟತೊಡಗಿದೆ. ಪುಟ್ಟು, ಆ ಲೇಸ್ ಬಿಚ್ಚಿರಲಿಲ್ಲ. ಗಟ್ಟಿಯಾಗಿದ್ದ ಗಂಟನ್ನು ನಾನೇ ಉಗುರಿನಿಂದ ಬಿಡಿಸಿ ಮತ್ತೆ ಕಟ್ಟಿದೆ. ಉಗುರಿನೊಳಗೆ ಸೇರಿದ ಕೆಸರು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವನು ಬೇರೆ ಕಡೆ ತಳ್ಳಿದ, ಎದುರಿನವರು ಕಿತ್ತುಕೊಂಡರು, ಗೋಲ್ ಆಯಿತು. ಎಲ್ಲರೂ ಬೈದದ್ದು ಗೋಲ್‌ಕೀಪರ್‌ಗೆ. ಅವನು ನನ್ನ ಸ್ನೇಹಿತ. ಅವತ್ತು ನನ್ನ ಸೈಕಲ್ ಹಿಂದೆ ಕೂತು ಮನೆಗೆ ಬಂದ, ದಾರಿಯುದ್ದಕ್ಕೂ "ಸಾರಿ ಕಣೋ" ಅಂದ. ನಾನು ಬಾಯಿ ಬಿಡಲಿಲ್ಲ.

ಮುಂದಿನ ವಾರ ಮೈದಾನಕ್ಕೆ ಹೋಗಲಿಲ್ಲ. ಆಮೇಲೂ ಹೋಗಲಿಲ್ಲ. ಕೆಲಸದ ಆರ್ಡರ್ ಬಂದದ್ದು ಎಂಟು ತಿಂಗಳು ಕಳೆದ ಮೇಲೆ.

ಹತ್ತು ವರ್ಷದವನಾಗಿದ್ದಾಗ, 1975ರ ಮಾರ್ಚ್‌ನಲ್ಲಿ, ಕ್ವಾಲಾಲಂಪುರದ ವಿಶ್ವಕಪ್ ಫೈನಲ್ ರೇಡಿಯೋದಲ್ಲಿ ಕೇಳಿದ್ದೆ. ಪಾಕಿಸ್ತಾನದ ಎದುರು 2-1. ತಂಡದಲ್ಲಿ ನಮ್ಮ ಕೊಡಗಿನ ಗೋವಿಂದ ಇದ್ದರು. ನಿಮ್ಮ ತಾತ ಅಂಗಳದಲ್ಲಿ ನಿಂತು ಚಪ್ಪಾಳೆ ಹೊಡೆದರು. ಅವತ್ತೇ ಸೀಬೆ ಮರದ ಕೊಂಬೆ ಕಡಿದು ಸ್ಟಿಕ್ ಮಾಡಿಕೊಂಡೆ. ಅಷ್ಟು ಆಸೆಯಿಂದ ಹಿಡಿದದ್ದನ್ನು ಒಂದು ಲೇಸಿನ ನೆಪದಲ್ಲಿ ಕೈಬಿಟ್ಟೆ. ಸೋತದ್ದಕ್ಕೆ ನನಗೆ ಇಷ್ಟು ನೋವಿಲ್ಲ ಮಗು. ಬಾಲ್ ತಗೊಂಡು ಕಳಕೊಂಡಿದ್ದರೆ ಒಂದು ವಾರ ಬೈಸಿಕೊಂಡು ಮರೆಯುತ್ತಿದ್ದೆ. ತಗೊಳ್ಳಲೇ ಇಲ್ಲವಲ್ಲ, ಅದು ಹೋಗುತ್ತಿಲ್ಲ.

ಇನ್ನೊಂದು ವಿಷಯ. ನೀನು ಏಳು ಸೋಲಿನ ಬಗ್ಗೆ ಬರೆದೆ, ಎಂಟನೇ ಪಂದ್ಯದ ಬಗ್ಗೆ ಒಂದು ಮಾತೂ ಇಲ್ಲ. ನೋಡಲಿಲ್ಲವಾ? ಆಂಟ್‌ವರ್ಪ್ ಊರಿನಲ್ಲಿ, ಎದುರಿಗೆ ಮತ್ತೆ ಬೆಲ್ಜಿಯಂ. ಹಿಂದಿನ ದಿನ ತಾನೇ ಆರು ಗೋಲ್ ತಿಂದಿದ್ದರು. ಸುಖಜೀತ್ ಎರಡು ಹೊಡೆದ, ರೋಹಿದಾಸ್ ಒಂದು. ಬೆಲ್ಜಿಯಂ ಬಿಡದೆ 3-3 ಮಾಡಿತು. ಕೊನೆಗಳಿಗೆಯಲ್ಲಿ ಪೆನಾಲ್ಟಿ ಸ್ಟ್ರೋಕ್. ಗೋಲಿಗೆ ಆರೂವರೆ ಮೀಟರ್ ಕೂಡ ಇಲ್ಲ, ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಹರ್ಮನ್‌ಪ್ರೀತ್ ಬಂದು ನಿಂತ. ಏಳು ಸೋತ ತಂಡದ ಕ್ಯಾಪ್ಟನ್. ತಪ್ಪಿದ್ದರೆ ಊರೆಲ್ಲ ಅವನನ್ನೇ ಬೈಯುತ್ತಿತ್ತು. ಹೊಡೆದ. 4-3. ನಾನು ಎದ್ದು ಅಡುಗೆಮನೆಗೆ ಹೋಗಿ ಸುಮ್ನೆ ನಲ್ಲಿ ಬಿಟ್ಟುಕೊಂಡು ನಿಂತೆ. ಅತ್ತೆಗೆ ನನ್ನ ಕಣ್ಣೀರು ಕಾಣಿಸಬಾರದು ಅಂತ.

ಒಂಬತ್ತು ತಂಡದಲ್ಲಿ ಎಂಟನೇ ಜಾಗ, ನಿಜ. ಅದೇನೂ ಹೆಮ್ಮೆಯ ಜಾಗ ಅಲ್ಲ. ಐರ್ಲೆಂಡ್ ಕೊನೇ ಜಾಗಕ್ಕೆ ಬಿದ್ದು ಲೀಗ್‌ನಿಂದ ಕೆಳಗಿಳಿಯಿತು, ಹೆಂಗಸರ ಲೀಗ್ನಲ್ಲಿ ನಮ್ಮ ಹುಡುಗಿಯರ ತಂಡವೂ ಇಳಿಯಿತು. ಆದರೂ ನನಗೆ ಈ ಸೀಸನ್‌ನಲ್ಲಿ ನೆನಪು ಉಳಿದಿರುವುದು ಅವನು ಆ ಬಾಲ್ ಹಿಂದೆ ಬಂದು ನಿಂತದ್ದು. ಅವನಿಗೂ ಒಳಗೆ ನಿನ್ನ ಹಾಗೇ ಅನಿಸಿತ್ತೇನೋ. ಯಾರಿಗೆ ಗೊತ್ತು?

ಏನು ಮಾಡಬೇಕು ಅಂತ ಕೇಳಿದ್ದೀಯ. ನಾನು ಕೋಚ್ ಅಲ್ಲ, ಅರ್ಧದಲ್ಲಿ ಓಡಿ ಬಂದವನು, ನನ್ನ ಮಾತಿಗೆ ಎಷ್ಟು ಬೆಲೆ ಇದೆಯೋ. ಆದರೂ ಒಂದು ಮಾಡಿ ನೋಡು. ಕೊನೆ ಐದು ನಿಮಿಷದಲ್ಲಿ ಒಂದೇ ಒಂದು ಸಲ ಕೈ ಎತ್ತಿ, ಜೋರಾಗಿ, ಬಾಲ್ ಕೇಳು. ಕೊಡದಿದ್ದರೂ ಪರವಾಗಿಲ್ಲ. ಬಂದರೆ ಹತ್ತಿರದವನಿಗೆ ತಳ್ಳಿಬಿಡು, ಅಷ್ಟು ಸಾಕು. ಮತ್ತೆ, ನಿನ್ನ ಸ್ಟಿಕ್‌ನ ಗ್ರಿಪ್ ಸವೆದಿದೆ ಅಂತ ಅಮ್ಮ ಹೇಳಿದಳು. ಕೈ ಬೆವತಾಗ ಅದೂ ಜಾಸ್ತಿ ಭಯ ಕೊಡುತ್ತದೆ. ಎರಡು ಗ್ರಿಪ್ ಈ ಕಾಗದದ ಜೊತೆಗೇ ಕಳಿಸಿದ್ದೇನೆ. ರಾತ್ರಿ ಮೊಬೈಲಿನಲ್ಲಿ ಆ ಏಳು ಪಂದ್ಯ ಮತ್ತೆ ಮತ್ತೆ ನೋಡಬೇಡ. ಎಂಟನೆಯದು ನೋಡು.

ಆ ಗೋಲ್‌ಕೀಪರ್ ಈಗ ಮೈಸೂರಿನಲ್ಲಿದ್ದಾನೆ. ನಿನ್ನ ಕಾಗದ ಓದಿದ ಮೇಲೆ ಎರಡು ಸಲ ಅವನ ನಂಬರ್ ಒತ್ತಿ ಕಟ್ ಮಾಡಿದೆ. ಇದನ್ನು ಅಂಚೆಗೆ ಹಾಕಿ ಬಂದು ಇನ್ನೊಂದು ಸಲ ಒತ್ತುತ್ತೇನೆ.

ಮುಂದಿನ ಮ್ಯಾಚ್ ಆದ ಮೇಲೆ ಬರಿ. ಬಾಲ್ ಕೇಳಿದೆ ಅಂತಲೇ ಬರೆಯಬೇಕಿಲ್ಲ. ಕೇಳೋಕೆ ಆಗಲಿಲ್ಲ ಅಂದರೂ ಬರಿ, ಬೇರೆ ಪೆನ್ನಿನಲ್ಲಿ.

ಇಂತು,
ನಿನ್ನ ಮಾವ