ಲಾಲ್‌ಬಾಗ್‌ನಲ್ಲಿ ಸಿಕ್ಕ ಅಮ್ಮನಿಗೆ

ಹೋದ ಭಾನುವಾರ ಮಧ್ಯಾಹ್ನ ಲಾಲ್‌ಬಾಗ್ ಬಂಡೆ ಹತ್ತಿರ ನನ್ನ ಕುತ್ತಿಗೆ, ಭುಜ ಬಿಸಿಲಿಗೆ ಸುಟ್ಟು ಕೆಂಪಾಗಿ ಉರಿಯುತ್ತಿದ್ದಾಗ ತಾವಾಗಿಯೇ ಬಂದು ಮಾತಾಡಿಸಿದ ಹಸಿರು ಸೀರೆಯ ಅಮ್ಮ, ನಿಮ್ಮ ಹೆಸರೂ ಕೇಳಲಿಲ್ಲ ನಾನು. ಐಸ್ ಉಜ್ಜಲು ಹೊರಟಿದ್ದೆ. "ಬೇಡ ಕಣಮ್ಮ, ಚರ್ಮಕ್ಕೆ ಇನ್ನೂ ಪೆಟ್ಟಾಗುತ್ತೆ" ಅಂತ ತಡೆದಿರಿ. ನೆರಳಿಗೆ ಕರೆದುಕೊಂಡು ಹೋಗಿ, ನಿಮ್ಮ ಟವೆಲನ್ನು ನಲ್ಲಿ ನೀರಲ್ಲಿ ಅದ್ದಿ ಹಿಂಡಿ ಕುತ್ತಿಗೆ ಮೇಲೆ ಹಾಕಿದಿರಿ, ಅದು ಬಿಸಿಯಾದ ಹಾಗೆಲ್ಲ ಮತ್ತೆ ಅದ್ದಿ ಕೊಟ್ಟಿರಿ, ಹತ್ತು ನಿಮಿಷಕ್ಕೂ ಜಾಸ್ತಿ ಹೊತ್ತು. ಎಳನೀರನ್ನೂ ಕುಡಿಸಿದಿರಿ.

ಗುಳ್ಳೆ ಎದ್ದರೆ ಒಡೀಬೇಡ ಅಂದಿದ್ದಿರಿ. ಭುಜದ ಮೇಲೆ ಎರಡು ಎದ್ದವು, ಮುಟ್ಟಲಿಲ್ಲ, ತಾವೇ ಒಣಗಿದವು. ಬೆಂಗಳೂರು ತಂಪು ಅಂತ ಸುಮ್ನೆ ನಂಬಿದ್ದೆ, 900 ಮೀಟರ್ ಎತ್ತರದ ಊರಲ್ಲಿ ಗಾಳಿ ತಂಪಾಗಿದ್ದರೂ ಬಿಸಿಲು ಸುಡುತ್ತದೆ ಅಲ್ವಾ. ಈಗ ಚರ್ಮ ಸುಲಿಯುತ್ತಿದೆ, ಉರಿ ಇಲ್ಲ. ತುಂಬಾ ಥ್ಯಾಂಕ್ಸ್ ಅಮ್ಮ. ನಿಮ್ಮ ಟವೆಲ್ ಒಗೆದು ಇಟ್ಟಿದ್ದೇನೆ.