ಎಎಫ್‌ಪಿ ಜಾಸ್ತಿ ಬಂದರೆ ನಿರೋಧಕ ಶಕ್ತಿ ಕುಗ್ಗಿದಂತಲ್ಲ

ಮಾನ್ಯ ಸಂಪಾದಕರೇ,

ಹೊಟ್ಟೆಯಲ್ಲಿರುವ ಕೂಸಿನ ಯಕೃತ್ತು ತಯಾರಿಸುವ ಆಲ್ಫಾ ಫೀಟೋಪ್ರೋಟೀನ್, ಅಂದರೆ ಎಎಫ್‌ಪಿ, ರೋಗನಿರೋಧಕ ಕಣಗಳು ಬೆಳೆಯದಂತೆ ತಡೆಯುತ್ತದೆ ಎಂಬ ಮಾತು ಆರೋಗ್ಯ ಪುಟಗಳಲ್ಲಿ ಸಲೀಸಾಗಿ ಅಚ್ಚಾಗುತ್ತಿದೆ. ರಕ್ತಪರೀಕ್ಷೆಯ ವರದಿಯಲ್ಲಿ ಎಎಫ್‌ಪಿ ಹೆಚ್ಚು ಬಂದ ಗರ್ಭಿಣಿ ಇದನ್ನು ಓದಿದರೆ ಗಾಬರಿಯಾಗುವುದು ಸಹಜ. ಆದರೆ ಅಳತೆ ನೋಡಿ: 12–14 ವಾರದ ಭ್ರೂಣದ ರಕ್ತದಲ್ಲಿ ಎಎಫ್‌ಪಿ ಮಿಲಿಲೀಟರಿಗೆ 2–3 ಮಿಲಿಗ್ರಾಂ ಇರುತ್ತದೆ. ತಾಯಿಯ ರಕ್ತದಲ್ಲಿ ಇರುವುದು ನ್ಯಾನೋಗ್ರಾಂ ಲೆಕ್ಕದಲ್ಲಿ, ಸಾವಿರಾರು ಪಟ್ಟು ಕಡಿಮೆ.

1975ರಲ್ಲಿ ಮುರ್ಗಿಟಾ ಮತ್ತು ಟೊಮಾಸಿ ಎಂಬ ಸಂಶೋಧಕರು ಈ ತಡೆ ತೋರಿಸಿದ್ದು ಇಲಿಯ ಕಣಗಳಲ್ಲಿ. ಮನುಷ್ಯರ ಲಿಂಫೋಸೈಟ್‌ಗಳಲ್ಲಿ (ರೋಗನಿರೋಧಕ ಬಿಳಿ ರಕ್ತಕಣ) ಕೆಲವು ಸಂಶೋಧಕರಿಗೆ ತಡೆ ಕಂಡಿತು, ಕೆಲವರಿಗೆ ಕಾಣಲಿಲ್ಲ. ಈ ವ್ಯತ್ಯಾಸಕ್ಕೆ ಪ್ರಯೋಗದ ವಿಧಾನವೂ ದೊಡ್ಡ ಕಾರಣ.

ಫೈಕಾಲ್ ಎಂಬ ದ್ರಾವಣದ ಮೇಲೆ ರಕ್ತದಿಂದ ಬೇರ್ಪಡಿಸಿದ ಈ ಕಣಗಳನ್ನು ಪ್ಲೇಟಿನ ಒಂದೊಂದು ಗುಳಿಗೆ 1–2 ಲಕ್ಷದಂತೆ ಹಾಕಿ, ಕಣಗಳನ್ನು ವಿಭಜನೆಗೆ ಪ್ರಚೋದಿಸುವ ಪಿಎಚ್‌ಎ ಸೇರಿಸಿ, 37 ಡಿಗ್ರಿಯಲ್ಲಿ ಮೂರು ದಿನ ಬೆಳೆಸುತ್ತಾರೆ. ಕೊನೆಯ 16–18 ತಾಸು ಹೊಸ ಡಿಎನ್‌ಎಗೆ ಸೇರಿಕೊಳ್ಳುವ ವಿಕಿರಣಶೀಲ ಥೈಮಿಡಿನ್ ಕೊಟ್ಟು, ಕಣಗಳು ಎಷ್ಟು ಬೆಳೆದವೆಂದು ಅಳೆಯುತ್ತಾರೆ. ಎಡವುವುದು ಬಹಳಷ್ಟು ಸಲ ಸೀರಂನಲ್ಲಿ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿದ್ರವ). ಬೆಳೆಸಲು ಬಳಸುವ ಕರುವಿನ ಭ್ರೂಣದ ಸೀರಂನಲ್ಲೇ ದನದ ಎಎಫ್‌ಪಿ ಇರುತ್ತದೆ. ಹಾಗಾಗಿ ‘ಎಎಫ್‌ಪಿ ಇಲ್ಲದ’ ಗುಳಿಯೂ ನಿಜಕ್ಕೂ ಖಾಲಿಯಲ್ಲ. ಎಬಿ ಗುಂಪಿನ ರಕ್ತವಿರುವ ಮನುಷ್ಯರ ಸೀರಂ ಬಳಸಬೇಕು. ಹೋಲಿಕೆಗೆ ಅಷ್ಟೇ ಪ್ರಮಾಣದ ಆಲ್ಬುಮಿನ್ (ರಕ್ತದ ಸಾಮಾನ್ಯ ಪ್ರೋಟೀನ್) ಹಾಕಿದ ಗುಳಿಯೂ ಬೇಕೇ ಬೇಕು. ಹೊಕ್ಕುಳಬಳ್ಳಿಯ ರಕ್ತದಿಂದ ಎಎಫ್‌ಪಿ ಶುದ್ಧಗೊಳಿಸುವಾಗ ಆಮ್ಲದ ಹಂತದಲ್ಲಿ ಅದರ ಆಕಾರ ಕೆಡಬಹುದು, ಅದಕ್ಕೆ ಅಂಟಿದ ಕೊಬ್ಬಿನಾಮ್ಲಗಳೂ ಫಲಿತಾಂಶ ತಿರುಗಿಸಬಹುದು. ಕೊನೆಗೆ ಸತ್ತ ಕಣಗಳಿಗೆ ಮಾತ್ರ ನೀಲಿ ಬಣ್ಣ ಹತ್ತಿಸುವ ಟ್ರಿಪಾನ್ ಬ್ಲೂ ಹಾಕಿ ನೋಡದಿದ್ದರೆ, ಸತ್ತ ಕಣಗಳನ್ನೂ ‘ಬೆಳೆಯದ ಕಣ’ ಎಂದೇ ಬರೆದುಬಿಡುತ್ತೇವೆ.

ನಮ್ಮ ರಾಯಚೂರಿನಲ್ಲಿ ಇನ್ನೊಂದು ಕಷ್ಟವಿದೆ. ಏಪ್ರಿಲ್–ಮೇ ಬಿಸಿಲಿನಲ್ಲಿ ಸಿಂಧನೂರು, ದೇವದುರ್ಗದಿಂದ ಬಸ್ಸಿನಲ್ಲಿ ತಂದ ರಕ್ತದ ಕಣಗಳು ದಾರಿಯಲ್ಲೇ ಸೊರಗುತ್ತವೆ. ಹಾಗಂತ ಐಸಿನಲ್ಲಿಯೂ ಇಡುವಂತಿಲ್ಲ. 18–25 ಡಿಗ್ರಿಯಲ್ಲಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಟ್ಯೂಬಿನಲ್ಲಿ ಬರಬೇಕು. ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವ ಇಡಿಟಿಎ ಇರುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ತಂದು ಸರಿಯಾಗಿ ತೊಳೆಯದಿದ್ದರೆ, ಕ್ಯಾಲ್ಸಿಯಂ ಸಿಗದೆ ಕಣಗಳು ವಿಭಜನೆಯಾಗುವುದಿಲ್ಲ. ಆಗ ಎಎಫ್‌ಪಿಯನ್ನು ದೂರಿ ಪ್ರಯೋಜನವಿಲ್ಲ.

ಆದ್ದರಿಂದ ಇಂಥ ಸುದ್ದಿ ಪ್ರಕಟಿಸುವಾಗ ಯಾವ ಪ್ರಾಣಿಯ ಎಎಫ್‌ಪಿ, ಎಷ್ಟು ಪ್ರಮಾಣ, ಯಾವ ಸೀರಂ ಎಂದು ದಯವಿಟ್ಟು ಬರೆಯಿರಿ. 15–20 ವಾರದಲ್ಲಿ ಎಎಫ್‌ಪಿ ಹೆಚ್ಚು ಬಂದ ತಾಯಂದಿರು ಸ್ಕ್ಯಾನ್ ಮಾಡಿಸಿ ಮೊದಲು ವಾರದ ಲೆಕ್ಕ ಸರಿಯಿದೆಯೇ, ಅವಳಿ ಕೂಸುಗಳಿವೆಯೇ ಎಂದು ತಿಳಿದುಕೊಳ್ಳಲಿ. ಕೂಸಿನ ಬೆನ್ನುಹುರಿ ಮತ್ತು ಹೊಟ್ಟೆಯ ಗೋಡೆಯನ್ನು ವೈದ್ಯರು ಅದೇ ಸ್ಕ್ಯಾನಿನಲ್ಲಿ ನೋಡುತ್ತಾರೆ.

– ಪ್ರಯೋಗಾಲಯ ಸಿಬ್ಬಂದಿ, ರಾಯಚೂರು