ಮಲಕಾಲ್‌ನಿಂದ ಮಗಳಿಗೊಂದು ಪತ್ರ

ಚಿರಂಜೀವಿ ಪ್ರೀತಿಯ ಮಗಳು ಭೂಮಿಕಾಳಿಗೆ ಅಪ್ಪಯ್ಯನ ಆಶೀರ್ವಾದಗಳು.

ನಾನು ಇಲ್ಲಿ ದಕ್ಷಿಣ ಸುಡಾನ್‌ನಲ್ಲಿ ಆರೋಗ್ಯವಾಗಿದ್ದೇನೆ. ಅಲ್ಲಿ ಅಮ್ಮ, ಅಜ್ಜಿ, ನೀನು, ತಮ್ಮ ಎಲ್ಲರೂ ಕ್ಷೇಮವಾಗಿದ್ದೀರಿ ಎಂದು ನಂಬಿದ್ದೇನೆ. ಕಳೆದ ಭಾನುವಾರ ಫೋನಿನಲ್ಲಿ ನೀನು, "ಅಪ್ಪಯ್ಯ, ನೀನು ಅಲ್ಲಿ ಯಾರ ಕಡೆಯವನು?" ಎಂದು ಕೇಳಿದೆ. ಉತ್ತರ ಹೇಳುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಹೋಗದಿದ್ದರೂ ಅದು ಎರಡು ಮಾತಿನಲ್ಲಿ ಮುಗಿಯುವ ವಿಷಯವಲ್ಲ. ನಮ್ಮ ತುಕಡಿಯವರೊಬ್ಬರು ರಜೆಯ ಮೇಲೆ ಊರಿಗೆ ಹೊರಟಿದ್ದಾರೆ. ಈ ಪತ್ರವನ್ನು ಅವರ ಕೈಯಲ್ಲಿ ಕೊಟ್ಟರೆ ದೆಹಲಿಯಲ್ಲಿ ಅಂಚೆಗೆ ಹಾಕುತ್ತಾರೆ. ಹೊಸನಗರಕ್ಕೆ ಬಂದು ನಮ್ಮ ಮನೆ ತಲುಪುವ ಹೊತ್ತಿಗೆ ದೀಪಾವಳಿ ಹತ್ತಿರವಾಗಿರುತ್ತದೆ.

ನಾನು ಯಾರ ಕಡೆಯವನೂ ಅಲ್ಲ, ಮಗಳೇ. ದಕ್ಷಿಣ ಸುಡಾನ್ 2011ರ ಜುಲೈ 9ರಂದು ಸುಡಾನ್‌ನಿಂದ ಬೇರೆಯಾಗಿ ಸ್ವತಂತ್ರವಾದ ದೇಶ. ಎರಡೂವರೆ ವರ್ಷ ತುಂಬುವ ಮೊದಲೇ, 2013ರ ಡಿಸೆಂಬರ್‌ನಲ್ಲಿ, ಅಧಿಕಾರದಲ್ಲಿದ್ದವರ ನಡುವೆ ಹುಟ್ಟಿದ ಒಡಕು ಊರೂರಿಗೂ ಹಬ್ಬಿ ಅಂತರ್ಯುದ್ಧವಾಯಿತು. 2018ರಲ್ಲಿ ಒಪ್ಪಂದವಾದರೂ ಗುಂಡಿನ ಸದ್ದು ಪೂರ್ತಿಯಾಗಿ ನಿಂತಿಲ್ಲ. ಈ ಹೊಡೆದಾಟದ ನಡುವೆ ಸಿಕ್ಕಿಕೊಂಡ ಸಾಮಾನ್ಯ ಜನರನ್ನು ಕಾಯಲು ವಿಶ್ವಸಂಸ್ಥೆ ಹಲವು ದೇಶಗಳಿಂದ ಸೈನಿಕರನ್ನು ಕೇಳಿ ಪಡೆದಿದೆ; ಭಾರತ ಕಳುಹಿಸಿದವರಲ್ಲಿ ನಾನೂ ಒಬ್ಬ. ಯಾರ ಕಡೆಗೂ ಸೇರದೆ ನಡುವೆ ನಿಲ್ಲುವುದೇ ನಮ್ಮ ನೀಲಿ ಟೋಪಿಯ ಅರ್ಥ. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾಗಿ ನಿವೃತ್ತರಾದ ಮೇಲೂ 1964ರಲ್ಲಿ ಸೈಪ್ರಸ್‌ಗೆ ಹೋಗಿ, ಗ್ರೀಕರಿಗೂ ತುರ್ಕರಿಗೂ ನಡುವೆ ನಿಂತ ಶಾಂತಿಪಾಲನಾ ಪಡೆಯ ಕಮಾಂಡರ್ ಆಗಿದ್ದರು. 1965ರ ಡಿಸೆಂಬರ್‌ನಲ್ಲಿ, ಆ ಕೆಲಸದಲ್ಲಿರುವಾಗಲೇ, ಅಲ್ಲಿಯೇ ತೀರಿಕೊಂಡರು. ಅವರು ತೊಟ್ಟಿದ್ದ ಬಣ್ಣದ ಟೋಪಿಯನ್ನು ನಾನೂ ತೊಟ್ಟಿದ್ದೇನೆ ಎಂದು ನೆನೆದಾಗ ನನಗೆ ಹೆಮ್ಮೆಯಾಗುತ್ತದೆ.

ನಾವಿರುವ ಮಲಕಾಲ್ ಪಟ್ಟಣ ಬಿಳಿ ನೈಲ್ ನದಿಯ ಪೂರ್ವ ದಂಡೆಯಲ್ಲಿದೆ. ಯುದ್ಧದ ಮೊದಲ ವರ್ಷಗಳಲ್ಲಿ ಈ ಊರು ಸರ್ಕಾರದ ಸೈನ್ಯದಿಂದ ಬಂಡುಕೋರರಿಗೆ, ಬಂಡುಕೋರರಿಂದ ಸೈನ್ಯಕ್ಕೆ ಮತ್ತೆ ಮತ್ತೆ ಕೈ ಬದಲಾಯಿಸಿತು. ಕಣ್ಣು ಹಾಯಿಸಿದಷ್ಟು ದೂರ ಒಂದು ಗುಡ್ಡವೂ ಇಲ್ಲ. ನೀರಿನ ಮೇಲೆ ಅಂತರಗಂಗೆ ದೊಡ್ಡ ದೊಡ್ಡ ನಡುಗಡ್ಡೆಗಳಂತೆ ತೇಲುತ್ತಾ ಉತ್ತರಕ್ಕೆ ಹೋಗುತ್ತದೆ. ಮಣ್ಣು ಕಪ್ಪು ಎರೆ ಮಣ್ಣು. ಮೇ ತಿಂಗಳಿಂದ ಅಕ್ಟೋಬರ್‌ವರೆಗಿನ ಮಳೆಗಾಲದಲ್ಲಿ ಬೂಟಿಗೆ ಅಂಟಿದರೆ ಕಾಲು ಎತ್ತುವುದೇ ಕಷ್ಟ, ಗಾಡಿ ಹೂತರೆ ಇನ್ನೊಂದು ಗಾಡಿ ಎಳೆಯಬೇಕು, ಅದೂ ಹೂತರೆ ನಾವೆಲ್ಲ ಇಳಿದು ಗುದ್ದಲಿ ಹಿಡಿಯಬೇಕು. ಮಳೆ ನಿಂತರೆ ಅದೇ ನೆಲ ಬಿರಿದು ಬಾಯಿ ಬಿಡುತ್ತದೆ. ಈಗ ಮಳೆ ಹಿಂದೆಗೆಯುತ್ತಿದೆ.

ನಿಮ್ಮಲ್ಲಿ ಬೆಳಗ್ಗೆ ಎಂಟೂವರೆಯಾಗಿ ನೀನು ಬಸ್ಸಿಗೆ ಓಡುವ ಹೊತ್ತಿಗೆ ನಮ್ಮಲ್ಲಿ ಐದು ಗಂಟೆ. ಎದ್ದು, ಪಿ.ಟಿ. ಮುಗಿಸಿ, ಗಿಂತಿಗೆ, ಅಂದರೆ ಹಾಜರಿಗೆ ನಿಂತು, ಲಂಗರ್ ಎನ್ನುವ ನಮ್ಮ ಅಡುಗೆಮನೆಯಲ್ಲಿ ಪೂರಿಯನ್ನೋ ಪರಾಠವನ್ನೋ ತಿಂದು ಕೆಲಸಕ್ಕೆ ಹೊರಡುತ್ತೇವೆ. ಅಕ್ಕಿರೊಟ್ಟಿ ಇಲ್ಲ ಎಂಬುದನ್ನು ಬಿಟ್ಟರೆ ಊಟಕ್ಕೆ ಕೊರತೆಯಿಲ್ಲ, ಅಜ್ಜಿಗೆ ಹೇಳು. ಮಲಗುವುದು ತಗಡಿನ ಕಂಟೇನರ್ ಕೋಣೆಯಲ್ಲಿ, ಸೊಳ್ಳೆಪರದೆಯೊಳಗೆ. ಸಂಜೆಯಾದೊಡನೆ ತುಂಬುತೋಳಿನ ಅಂಗಿ ಹಾಕಿ, ಮಲೇರಿಯಾ ಮಾತ್ರೆಯನ್ನು ತಪ್ಪದೆ ನುಂಗುತ್ತೇನೆ. ಇದನ್ನು ಅಮ್ಮನಿಗೆ ಹೇಳು. ಉಳಿದ ಜವಾನರಿಗೆ ಬೇಲಿಯ ಸುತ್ತ ಕಾವಲು, ಬಿಳಿ ಗಾಡಿಗಳಲ್ಲಿ ಗಸ್ತು, ಆಹಾರ ಸಾಗಿಸುವ ದೋಣಿಗಳಿಗೆ ಬೆಂಗಾವಲು. ಗಂಟೆಗಟ್ಟಲೆ ಒಂದೇ ದಿಕ್ಕಿಗೆ ನೋಡುತ್ತಾ ನಿಲ್ಲುವ ಕಾವಲಿನ ಕೆಲಸವನ್ನು ಯಾರೂ ಟಿ.ವಿ.ಯಲ್ಲಿ ತೋರಿಸುವುದಿಲ್ಲ, ಆದರೆ ಇಲ್ಲಿನ ಸೈನಿಕರ ದಿನದ ಬಹುಪಾಲು ಅದೇ.

ನನ್ನ ಕೆಲಸ ಬೇರೆ. ನಾನು ಸೇನೆಯ ಪಶುವೈದ್ಯ ವಿಭಾಗದ ಡ್ರೆಸರ್ ಎಂಬುದು ನಿನಗೆ ಗೊತ್ತು. ಮೀರತ್‌ನಲ್ಲಿ ಕುದುರೆ, ಹೇಸರಗತ್ತೆಗಳ ಗಾಯ ತೊಳೆದು ಕಲಿತವನು. ಇಲ್ಲಿ ನಮ್ಮ ಪಶುವೈದ್ಯಾಧಿಕಾರಿಗಳ ಜೊತೆಯಲ್ಲಿ ಊರಿನವರ ದನ, ಆಡು, ಕುರಿ, ಕತ್ತೆಗಳಿಗೆ ಚಿಕಿತ್ಸೆ ಕೊಡುವುದು ನನ್ನ ಪಾಲಿಗೆ ಬಂದಿದೆ. ಬೇರೆ ದೇಶಕ್ಕೆ ಹೋದ ಸೈನಿಕ ದನದ ಮೈ ತೊಳೆಯುತ್ತಾನೆಯೇ ಎಂದು ಚಿಕ್ಕಪ್ಪ ಕೇಳಿದನಂತೆ. ತೊಳೆಯುತ್ತಾನೆ, ಮತ್ತು ಅದು ಸೈನಿಕನ ಕೆಲಸವೇ ಎಂದು ನಾನು ಗಟ್ಟಿಯಾಗಿ ಹೇಳಬಲ್ಲೆ.

ಇಲ್ಲಿನ ದನಗಳನ್ನು ನೀನು ನೋಡಬೇಕು. ನಮ್ಮ ಕೌಲಿಯಂಥ ಮಲೆನಾಡು ಗಿಡ್ಡದ ಹಸು ಇವುಗಳ ಹೊಟ್ಟೆಯ ಕೆಳಗೆ ನುಸುಳಿ ಹೋದೀತು. ಕೊಂಬುಗಳು ನನ್ನ ತೋಳಿಗಿಂತ ಉದ್ದವಾಗಿ ಮೇಲಕ್ಕೆ ಬಾಗಿರುತ್ತವೆ. ಹೋದ ವಾರ ನಿನ್ನ ವಯಸ್ಸಿನ ಒಬ್ಬ ಹುಡುಗ ಬಿಳಿ ಎತ್ತೊಂದನ್ನು ಕರೆತಂದ. ಅದರ ಕೊಂಬಿನ ಬುಡದಲ್ಲಿ ಗಾಯವಾಗಿ ಹುಳ ಬಿದ್ದಿತ್ತು, ವಾಸನೆಗೆ ಹತ್ತಿರ ನಿಲ್ಲಲಾಗುತ್ತಿರಲಿಲ್ಲ. ಹಗ್ಗ ಹಾಕಿ ಕೆಡವಬೇಕೆಂದು ನಾವು ಸಿದ್ಧವಾಗುತ್ತಿದ್ದಾಗ ಹುಡುಗ ಬೇಡವೆಂದು ಕೈಯಾಡಿಸಿ, ಎತ್ತಿನ ಕುತ್ತಿಗೆಯನ್ನು ತಬ್ಬಿ, ಸಣ್ಣ ದನಿಯಲ್ಲಿ ಹಾಡತೊಡಗಿದ. ಈ ಜನ ತಮ್ಮ ಎತ್ತಿನ ಮೇಲೆ ತಾವೇ ಹಾಡು ಕಟ್ಟುತ್ತಾರೆ. ಬಣ್ಣವನ್ನೂ ಕೊಂಬಿನ ಬಾಗನ್ನೂ ಹೊಗಳುತ್ತಾರೆ. ನಾನು ಗಾಯಕ್ಕೆ ಟರ್ಪೆಂಟೈನ್ ಎಣ್ಣೆ ಬಿಟ್ಟೆ. ಹುಳುಗಳು ಒಂದೊಂದಾಗಿ ಮೇಲೆ ಬಂದವು. ಚಿಮಟದಲ್ಲಿ ಹಿಡಿದು ಹೊರಗೆ ಹಾಕಿದೆ. ಕೊನೆಯದು ಕೊಂಬಿನ ಒಳಬದಿಗೆ ಸೇರಿಕೊಂಡಿತ್ತು, ಅದನ್ನು ತೆಗೆಯಲು ಬಹಳ ಹೊತ್ತು ಹಿಡಿಯಿತು. ಎತ್ತು ಅಷ್ಟು ಹೊತ್ತೂ ಕಿವಿಯನ್ನಷ್ಟೇ ಆಡಿಸುತ್ತಾ ನಿಂತಿತ್ತು. ತೊಳೆದು, ಔಷಧ ತುಂಬಿ, ನೊಣ ಕೂರದಂತೆ ಮುಲಾಮು ಹಚ್ಚಿದ ಮೇಲೆ ಹುಡುಗ ಚೀಲದಿಂದ ಸಗಣಿಯ ಬೂದಿ ತೆಗೆದು ಅದರ ಮೈಗೆಲ್ಲ ತಿಕ್ಕಿದ. ದನದ ಹಟ್ಟಿಗಳಲ್ಲಿ ಇವರು ರಾತ್ರಿಯಿಡೀ ಒಣಸಗಣಿಯ ಹೊಗೆ ಹಾಕಿ, ಆ ಬೂದಿಯನ್ನು ದನಕ್ಕೂ ತಮಗೂ ಬಳಿದುಕೊಂಡು ಸೊಳ್ಳೆ ನೊಣಗಳಿಂದ ತಪ್ಪಿಸಿಕೊಳ್ಳುತ್ತಾರೆ. ಡಾಕ್ಟರು, ಗಾಯದ ಮೇಲೆ ಮಾತ್ರ ಹಾಕಬೇಡ ಎಂದು ಸನ್ನೆಯಲ್ಲಿ ತಿಳಿಸಿದರು. ಅವನಿಗೆ ಅರ್ಥವಾಯಿತು.

ಈಗ ನಿನ್ನ ಪ್ರಶ್ನೆಗೆ ಮತ್ತೆ ಬರುತ್ತೇನೆ. ಇಲ್ಲಿ ಒಬ್ಬ ಗಂಡಸು ಯಾವ ಜನದವನು ಎಂಬುದು ಅನೇಕ ವೇಳೆ ಅವನ ಹಣೆಯಲ್ಲೇ ಕಾಣುತ್ತದೆ. ನ್ಯುಯೆರ್ ಗಂಡಸರ ಹಣೆಯ ಮೇಲೆ ಹದಿಹರೆಯದಲ್ಲಿ ಕೊಯ್ದ ಆರು ಅಡ್ಡಗೆರೆಗಳಿರುತ್ತವೆ, ಶಿಲ್ಲುಕ್ ಜನರಿಗೆ ಹುಬ್ಬಿನ ಮೇಲ್ಗಡೆ ಸಾಲುಗುಳ್ಳೆಗಳಿರುತ್ತವೆ. ಯುದ್ಧದ ದಿನಗಳಲ್ಲಿ ಆ ಗುರುತೇ ಪ್ರಾಣಕ್ಕೆ ಕುತ್ತಾದದ್ದೂ ಉಂಟು. ನಮ್ಮ ಚಿಕಿತ್ಸೆಯ ಪುಸ್ತಕದಲ್ಲಿ ದನದ ಬಣ್ಣ, ವಯಸ್ಸು, ಕಾಯಿಲೆ, ಕೊಟ್ಟ ಔಷಧ ಇವಕ್ಕೆ ಕಾಲಂ ಇದೆ. ತಂದವನು ಯಾವ ಜನ ಎಂದು ಬರೆಯಲು ಕಾಲಂ ಇಲ್ಲ. ಲಸಿಕೆಯ ದಿನ ಎಲ್ಲ ಹಣೆಗಳೂ ಒಂದೇ ಸರದಿಯಲ್ಲಿ ನಿಲ್ಲುತ್ತವೆ. ಮೊದಲು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಬಿಸಿಲು ಏರುತ್ತಾ ಹೋದಂತೆ ಒಬ್ಬನ ಹೋರಿ ಕೊಸರಿಕೊಂಡರೆ ಇನ್ನೊಬ್ಬ ಹಗ್ಗಕ್ಕೆ ಕೈ ಕೊಡುತ್ತಾನೆ.

ದನ ಇವರಿಗೆ ಹಾಲು ಮಾತ್ರವಲ್ಲ. ಉಳಿತಾಯ, ಮರ್ಯಾದೆ, ಮದುವೆಯ ತೆರ, ಕೊಲೆಯಾದರೆ ಕೊಡಬೇಕಾದ ಪರಿಹಾರ ಎಲ್ಲವೂ ದನದ ಲೆಕ್ಕದಲ್ಲೇ ನಡೆಯುತ್ತವೆ. ಕಾಯಿಲೆ ಬಂದು ಒಂದು ಹಟ್ಟಿಯ ದನಗಳು ಸತ್ತರೆ, ಮದುವೆಯಾಗಬೇಕಾದ ಹುಡುಗರು ಬಂದೂಕು ಹಿಡಿದು ಪಕ್ಕದವರ ದನ ಹೊಡೆದುಕೊಂಡು ಬರಲು ಹೊರಡುತ್ತಾರೆ, ಅವರು ಸೇಡಿಗೆ ಬರುತ್ತಾರೆ, ಊರು ಸುಡುತ್ತದೆ. ನಮ್ಮ ಔಷಧದಿಂದ ಯುದ್ಧ ನಿಂತುಬಿಡುತ್ತದೆ ಎಂದು ನಾನು ಹೇಳಲಾರೆ. ಆದರೆ ಬದುಕಿ ಉಳಿದ ಒಂದೊಂದು ದನವೂ ಹಾಗೆ ಹೊರಡುವುದಕ್ಕೆ ಇದ್ದ ಒಂದು ಕಾರಣವನ್ನು ಕಡಿಮೆ ಮಾಡುತ್ತದೆ ಎಂಬುದನ್ನು ನಾನು ಮನಸಾರೆ ನಂಬಿದ್ದೇನೆ.

ಈ ಲೆಕ್ಕದಲ್ಲಿ ನನ್ನ ಮನಸ್ಸಿಗೆ ಒಗ್ಗದ ಸಂಗತಿಯೂ ಒಂದಿದೆ. ನಿನ್ನ ವಯಸ್ಸಿನ, ನಿನಗಿಂತ ಚಿಕ್ಕ ಹುಡುಗಿಯರನ್ನು ಇಷ್ಟು ದನಕ್ಕೆ ಎಂದು ಮಾತಾಡಿ ಮದುವೆ ಮಾಡಿಬಿಡುತ್ತಾರೆ. ಅವರ ಪದ್ಧತಿಯನ್ನು ಗೌರವಿಸಬೇಕೆಂದು ನಮಗೆ ಕಲಿಸಿದ್ದಾರೆ, ಗೌರವಿಸುತ್ತೇನೆ. ಆದರೆ ಆಡು ಹಿಡಿದುಕೊಂಡು ಬರುವ ಆ ಹುಡುಗಿಯರನ್ನು ಕಂಡಾಗ ನೀನು ಶಾಲೆಯಲ್ಲಿದ್ದೀಯ ಎಂಬುದೇ ನನಗೆ ಸಮಾಧಾನ. ಇದೇ ದಕ್ಷಿಣ ಸುಡಾನ್‌ನಲ್ಲಿ ಕೆಲಸ ಮಾಡಿದ ನಮ್ಮ ಸೇನೆಯ ಮೇಜರ್ ಸುಮನ್ ಗವಾನಿಯವರು ಹೆಣ್ಣುಮಕ್ಕಳ ರಕ್ಷಣೆಗಾಗಿ ದುಡಿದು, 2019ರ ಸಾಲಿನಲ್ಲಿ ವಿಶ್ವಸಂಸ್ಥೆಯ 'ಮಿಲಿಟರಿ ಜೆಂಡರ್ ಅಡ್ವೊಕೇಟ್ ಆಫ್ ದಿ ಇಯರ್' ಪ್ರಶಸ್ತಿಯನ್ನು ಪಡೆದ ಮೊದಲ ಭಾರತೀಯರಾದರು. ನೀನು ಅವರ ವಿಷಯ ಓದಬೇಕು.

ನಮ್ಮ ಬೇಲಿಗೆ ಹೊಂದಿಕೊಂಡು ನಿರಾಶ್ರಿತರ ಶಿಬಿರವಿದೆ. 2013ರಲ್ಲಿ ಪ್ರಾಣ ಉಳಿಸಿಕೊಳ್ಳಲು ಓಡಿ ಬಂದವರಲ್ಲಿ ಅನೇಕರು ಇನ್ನೂ ಇಲ್ಲೇ ಇದ್ದಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದ ಮೇಲೆ ಉತ್ತರದ ರೆಂಕ್‌ನಿಂದಲೂ ಜನ ದೊಡ್ಡ ದೋಣಿಗಳಲ್ಲಿ ಬಂದಿಳಿಯುತ್ತಿದ್ದಾರೆ. ತಲೆಯ ಮೇಲೆ ಹಾಸಿಗೆ, ಕಂಕುಳಲ್ಲಿ ಮಗು, ಕೈಯಲ್ಲಿ ನೀರಿನ ಕ್ಯಾನು. ಲಿಂಗನಮಕ್ಕಿಯ ನೀರು ಏರಿ ಮನೆ ಗದ್ದೆ ಬಿಟ್ಟು ಬಂದಾಗ ಅಜ್ಜಿಗೆ ನಿನಗಿಂತ ಕಡಿಮೆ ವಯಸ್ಸು. ಮೊದಲ ರಾತ್ರಿ ಎಲ್ಲಿ ಅಡುಗೆ ಮಾಡಿದೆವು, ಯಾರು ಉಪ್ಪು ಕೊಟ್ಟರು ಎಂದು ಅವರು ಇವತ್ತಿಗೂ ಹೇಳುತ್ತಾರಲ್ಲ, ಆ ಮಾತುಗಳ ಪೂರ್ಣ ಅರ್ಥ ನನಗೆ ಆದದ್ದು ಇಲ್ಲಿಯ ದೋಣಿಕಟ್ಟೆಯಲ್ಲಿ. ಅಜ್ಜಿಯ ಬಳಿ ಕುಳಿತು ಅದನ್ನೆಲ್ಲ ಕೇಳಿ ಬರೆದಿಡು.

ಅಪಾಯವಿದೆಯೇ ಎಂದು ನೀನು ಕೇಳಲಿಲ್ಲ, ಆದರೆ ಇಂಟರ್‌ನೆಟ್‌ನಲ್ಲಿ ಹುಡುಕಿರುತ್ತೀಯ. ಇದೆ. 2013ರ ಡಿಸೆಂಬರ್‌ನಲ್ಲಿ ಅಕೋಬೊ ಎಂಬಲ್ಲಿ ವಿಶ್ವಸಂಸ್ಥೆಯ ನೆಲೆಗೆ ಜನ ಆಶ್ರಯ ಬೇಡಿ ಬಂದಾಗ, ಅವರನ್ನು ಅಟ್ಟಿಸಿಕೊಂಡು ಬಂದವರ ಗುಂಡಿಗೆ ನಮ್ಮ ಸೇನೆಯ ಇಬ್ಬರು ಸುಬೇದಾರರು ಬಲಿಯಾದರು. ಇದನ್ನು ನಿನ್ನಿಂದ ಮುಚ್ಚಿಡುವುದು ಸರಿಯಲ್ಲ ಎಂದು ಬರೆದಿದ್ದೇನೆ. ಹೊರಗೆ ಹೋಗುವಾಗ ನಾವು ಒಬ್ಬೊಬ್ಬರೇ ಹೋಗುವುದಿಲ್ಲ. ಚಿಕಿತ್ಸೆ ನಡೆಯುವಷ್ಟು ಹೊತ್ತೂ ನಮ್ಮ ಸುತ್ತ ಬಂದೂಕು ಹಿಡಿದ ಜವಾನರು ಬೆನ್ನು ಕೊಟ್ಟು ನಿಂತಿರುತ್ತಾರೆ. ಅಮ್ಮನ ಮುಂದೆ ಇದನ್ನು ಓದುವಾಗ ಈ ಕೊನೆಯ ವಾಕ್ಯವನ್ನು ಎರಡು ಸಲ ಓದು.

ದೀಪಾವಳಿಗೆ ಇಲ್ಲಿ ಬಡಾ ಖಾನಾ ಎಂಬ ಔತಣ ಇರುತ್ತದೆ, ಮಂದಿರದಲ್ಲಿ ಪೂಜೆಯೂ ಇರುತ್ತದೆ. ಮನೆಯಲ್ಲಿ ಗೋಪೂಜೆಯ ದಿನ ಕೌಲಿಗೆ ಹಣ್ಣಡಿಕೆಯ ಮಾಲೆಯನ್ನು ಈ ಸಲ ನೀನೇ ಕಟ್ಟು. ದಾರ ಕುತ್ತಿಗೆಗೆ ಬಿಗಿಯಾಗದಿರಲಿ. ಕರುವಿನ ಕಿವಿಯೊಳಗೂ ಬಾಲದ ಬುಡದಲ್ಲೂ ಉಣುಗು ಇದೆಯೇ ಎಂದು ದಿನವೂ ನೋಡು. ಇದ್ದರೆ ಬರಿಗೈಯಲ್ಲಿ ಕೀಳಬೇಡ, ಉಗುರಲ್ಲಿ ಹಿಸುಕಲೇಬೇಡ. ಚಿಮಟದಿಂದ ತೆಗೆದು ಬೆಂಕಿಗೆ ಹಾಕಿ, ಸೋಪು ಹಚ್ಚಿ ಕೈ ತೊಳೆ. ಡಿಸೆಂಬರ್ ಬಂದರೆ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಕಾಲ. ತಮ್ಮನನ್ನು ತರಗೆಲೆಗೆಂದು ಕಾಡಿಗೆ ಕಳುಹಿಸುವುದಾದರೆ ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಯೇ ಕಳುಹಿಸಬೇಕು. ಕಾಲುಬಾಯಿ ಲಸಿಕೆಯವರು ಊರಿಗೆ ಬಂದಾಗ ಕರುವನ್ನೂ ಮರೆಯದೆ ತೋರಿಸಿ. ಗಣಿತದ ಕಿರುಪರೀಕ್ಷೆಯ ಅಂಕ ಎಷ್ಟಾದರೂ ಸರಿ, ನನಗೆ ತಿಳಿಸು.

ಬರುವ ಭಾನುವಾರ ನಿಮ್ಮ ರಾತ್ರಿ ಎಂಟು ಗಂಟೆಗೆ ಕರೆ ಮಾಡುತ್ತೇನೆ. ಮನೆಯೊಳಗೆ ಸಿಗ್ನಲ್ ಸಿಗದಿದ್ದರೆ ಅಮ್ಮನನ್ನೂ ಅಜ್ಜಿಯನ್ನೂ ಕರೆದುಕೊಂಡು ಮೇಲಿನ ಕಣದ ಹತ್ತಿರ ಬಂದಿರು.

ಇಂತಿ ನಿನ್ನ ಪ್ರೀತಿಯ
ಅಪ್ಪಯ್ಯ